ಕೆರೆಯಂಗಳದಲ್ಲಿ ಹಕ್ಕಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ನಮ್ಮೂರ ಕೆರೆಯ ಹೂಳೆತ್ತಿ ಎರಡು ವರ್ಷವಾಯಿತು. ಶಿರಾ ಸೀಮೆಯವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೂಳೆತ್ತುವಾಗ ನಾನೂ ಮುಂದೆ ನಿಂತಿದ್ದೆ, ಹೊಲಕ್ಕೆ ಹತ್ತು ಟ್ರ್ಯಾಕ್ಟರ್ ಗೋಡು ಹೊಡೆಸಿಕೊಂಡೆ. ಆದರೆ ಜೆಸಿಬಿ ನಾಲ್ಕೂ ಕಡೆ ಕಡಿದಾಗಿ ಅಗೆದು ಕೆರೆಯನ್ನು ತೊಟ್ಟಿ ಮಾಡಿಬಿಟ್ಟಿತು. ಹಿನ್ನೀರಿನ ಕಡೆ ಪಾದ ಮುಳುಗುವಷ್ಟು ಮಾತ್ರ ನೀರು ನಿಲ್ಲುತ್ತಿದ್ದ ಜಾಗ, ಅಲ್ಲಿನ ಜೊಂಡು, ಎಲ್ಲ ಹೋಯಿತು. ಮೆಟ್ಟುಗಾಲು ಹಕ್ಕಿಗಳು ಕಡ್ಡಿಯಂಥ ಕೆಂಪು ಕಾಲನ್ನು ಒಂದೊಂದಾಗಿ ಎತ್ತಿಡುತ್ತಾ ಕೆಸರು ಕುಕ್ಕುತ್ತಿದ್ದದ್ದು ಅಲ್ಲೇ. ಈಗ ಕೆರೆಯಲ್ಲಿ ನೀರು ಜಾಸ್ತಿ ಇದೆ. ಆ ಹಕ್ಕಿ ಬರುವುದಿಲ್ಲ. ಅದರ ಕಾಲಿಗೆ ನೆಲ ಸಿಗಬೇಕಲ್ವಾ?

ಇದನ್ನು ಹೇಳಿದರೆ 'ಆ ಹಕ್ಕಿಯಿಂದ ಏನು ಉಪಯೋಗ?' ಎಂದು ಕೇಳುತ್ತಾರೆ. ಹುಳ ತಿನ್ನುತ್ತೆ, ಒಳ್ಳೆಯದು ಎಂದು ಮೊದಮೊದಲು ನಾನೂ ಉತ್ತರ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಹುಳಕ್ಕೆ ಅಂಗಡಿಯಲ್ಲಿ ಔಷಧಿ ಸಿಕ್ಕಿದ ದಿನ ಹಕ್ಕಿ ಬೇಡವಾಗುತ್ತದೆಯೇ? ಅಜ್ಜಿಗೆ ಏನು ಕೆಲಸ ಬರುತ್ತೆ ಅಂತ ನೋಡಿ ನಾವು ಊಟಕ್ಕಿಡ್ತೀವಾ?

ನಾರ್ವೆಯ ಚಿಂತಕ ಆರ್ನೆ ನೆಸ್ 1973ರಲ್ಲೇ, ಮನುಷ್ಯರ ಒಳಿತಿಗಷ್ಟೇ ಪರಿಸರ ಕಾಯುವುದು ಮೇಲುಮೇಲಿನ ಕಾಳಜಿ ಎಂದಿದ್ದರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2012ರಲ್ಲಿ, ಛತ್ತೀಸಗಢದ ಕಾಡೆಮ್ಮೆಗಳ ಪ್ರಕರಣದಲ್ಲಿ, ಮನುಷ್ಯನನ್ನೇ ನಡುವೆ ಇಟ್ಟು ನೋಡುವುದನ್ನು ಬಿಟ್ಟು ಪ್ರಕೃತಿಯನ್ನು ನಡುವೆ ಇಡಬೇಕು ಎಂದಿತು. ನಮ್ಮದೇ ತಾಲ್ಲೂಕಿನ ಕಗ್ಗಲಡು ಊರಿನ ಜನ ಆ ತೀರ್ಪಿಗೂ ಎಷ್ಟೋ ಮೊದಲೇ ಹಾಗೆ ಬದುಕುತ್ತಿದ್ದರು. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದ ಕೆಳಗೆ ನಿಂತರೆ ಹಿಕ್ಕೆಯ ವಾಸನೆ, ತಲೆ ಮೇಲೆ ಮರಿಗಳ ಗದ್ದಲ. ಆದರೂ ಅವುಗಳನ್ನು ಯಾರೂ ಓಡಿಸಲಿಲ್ಲ.

ಹೂಳೆತ್ತಬೇಡಿ ಅಂತ ನಾನು ಹೇಳುತ್ತಿಲ್ಲ. ಏರಿಯ ಪಕ್ಕ, ತೂಬಿನ ಮುಂದೆ ಬೇಕಾದಷ್ಟು ಆಳ ಮಾಡಲಿ. ಹಿನ್ನೀರಿನ ಕಡೆಯ ಇಳಿಜಾರನ್ನು, ಜೊಂಡನ್ನು ಹಾಗೇ ಬಿಡಲಿ. ಅದರಿಂದ ನಮಗೆ ಒಂದಿಷ್ಟು ನೀರು ಕಡಿಮೆಯಾಗಬಹುದು. ಆಗಲಿ.

ಪಕ್ಕದೂರಿನ ಕೆರೆಗೆ ಈ ಬೇಸಿಗೆಯಲ್ಲಿ ಜೆಸಿಬಿ ಇಳಿಯುತ್ತದಂತೆ. ಅಂದಾಜುಪಟ್ಟಿ ಬರೆಯುವವರು ಅದಕ್ಕೆ ಮುಂಚೆ ಒಂದು ದಿನ ಬೆಳಗ್ಗೆ ಆರಕ್ಕೆ ಬಂದು, ಕೆರೆಯಂಗಳದಲ್ಲಿ ಯಾವ್ಯಾವ ಹಕ್ಕಿ ಎಲ್ಲೆಲ್ಲಿ ನಿಂತಿವೆ ನೋಡಲಿ. ಆ ಜಾಗದ ಸುತ್ತ ಸುಣ್ಣದ ಗೆರೆ ಎಳೆಸಲಿ. ನಾನೂ ಜೊತೆಗೆ ಬರುತ್ತೇನೆ.

– ಒಬ್ಬ ರೈತ, ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ