ಸ್ವೀಡನ್‌ನವರು ‘ನೀವು’ ಬಿಟ್ಟಿದ್ದು ಹೇಗೆ?

ಮಾನ್ಯ ಸಂಪಾದಕರೇ,

ಯುರೋಪಿನವರಿಗೆ ದೊಡ್ಡವರು ಚಿಕ್ಕವರು ಅನ್ನುವುದೇ ಇಲ್ಲ, ಮೇಷ್ಟ್ರನ್ನೂ ಹೆಸರು ಹಿಡಿದೇ ಕರೆಯುತ್ತಾರೆ ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಕೆಲವರು ಮೆಚ್ಚಿ ಹೇಳುತ್ತಾರೆ, ಕೆಲವರು ಮೂಗು ಮುರಿದು. ಆದರೆ ನೀನು–ನೀವು ಲೆಕ್ಕಾಚಾರ ಅಲ್ಲೂ ನಮ್ಮಷ್ಟೇ ಇತ್ತು, ಕೆಲವು ದೇಶಗಳಲ್ಲಿ ಇವತ್ತಿಗೂ ಇದೆ. ಅದು ಎಲ್ಲಿ ಬದಲಾಯಿತು, ಯಾರಿಂದ ಬದಲಾಯಿತು ಅನ್ನುವುದನ್ನು ನಾವು ಸ್ವಲ್ಪ ನೋಡಬೇಕು.

ಸ್ವೀಡನ್ ತಗೊಳ್ಳಿ. ಇವತ್ತು ಅಲ್ಲಿ ರೋಗಿ ಡಾಕ್ಟರಿಗೆ, ವಿದ್ಯಾರ್ಥಿ ಪ್ರೊಫೆಸರಿಗೆ, ನಿನ್ನೆ ಸೇರಿದ ನೌಕರ ಮೇಲಧಿಕಾರಿಗೆ ‘ದು’ ಅನ್ನುತ್ತಾರೆ, ಅಂದರೆ ನೀನು. 1960ರ ದಶಕದವರೆಗೂ ಇದು ಊಹೆಗೂ ಸಿಗದ ಮಾತಾಗಿತ್ತು. ‘ನಿ’ ಅನ್ನುವ ಬಹುವಚನ ಇತ್ತು, ಆದರೆ ಅದು ಪದವಿ ಗಿದವಿ ಇಲ್ಲದವರನ್ನು ಮಾತಾಡಿಸಲಿಕ್ಕೆ ಅಂತ ಆಗಿಬಿಟ್ಟಿದ್ದರಿಂದ ದೊಡ್ಡವರಿಗೆ ಹಾಗಂದರೆ ಅವಮಾನ. ಹಾಗಾಗಿ ಎದುರಿಗೇ ಕೂತವರನ್ನು ‘ಡಾಕ್ಟರು ಕಾಫಿ ಕುಡಿಯುತ್ತಾರಾ?’ ಅಂತ ಬೇರೆ ಯಾರ ವಿಷಯವನ್ನೋ ಕೇಳುವ ಹಾಗೆ ಪದವಿ ಹೇಳಿಯೇ ಕೇಳಬೇಕಿತ್ತು. ಹೆಂಗಸರಿಗೆ ಗಂಡನ ಪದವಿಯೇ ಗತಿ, ಪ್ರೊಫೆಸರರ ಹೆಂಡತಿಯನ್ನು ಕರೆಯಲು ಬೇರೆಯೇ ಪದ ಇತ್ತು. ಎದುರಿನವರ ಪದವಿ ಗೊತ್ತಿಲ್ಲದಿದ್ದರಂತೂ ಫಜೀತಿ, ಯಾರನ್ನೂ ಕರೆಯದೆ ‘ಕಾಫಿ ಬೇಕಾಗುತ್ತದಾ’ ಅಂತ ಮಾತನ್ನು ಸುತ್ತಿಸಿ ಸುತ್ತಿಸಿ ಆಡುತ್ತಿದ್ದರು. ಇದನ್ನು ಗೌರವ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ, ಹೆದರಿಕೆಯೇ ಜಾಸ್ತಿ ಅಲ್ವಾ?

1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವವರು ಅಲ್ಲಿನ ಸರ್ಕಾರಿ ವೈದ್ಯಕೀಯ ಮಂಡಳಿಗೆ ಮುಖ್ಯಸ್ಥರಾಗಿ ಬಂದರು. ಬೆನ್ನುಹುರಿಯ ಪದರಗಳನ್ನು ಗುರುತಿಸಿದವರು, ನಮ್ಮ ಮೆಡಿಕಲ್ ವಿದ್ಯಾರ್ಥಿಗಳೂ ಇವರ ಹೆಸರು ಓದಿರುತ್ತಾರೆ. ಬಂದವರೇ ಸಿಬ್ಬಂದಿಗೆಲ್ಲ ಇನ್ನು ಮುಂದೆ ‘ದು’ ಅನ್ನುತ್ತೇನೆ ಎಂದು ಹೇಳಿದರು, ಸಿಬ್ಬಂದಿಯೂ ತಮಗೆ ಹಾಗೇ ಅನ್ನಬಹುದು ಎಂದಾಯಿತು. ಅವರೊಬ್ಬರೇ ಎಲ್ಲ ಬದಲಾಯಿಸಿದರು ಅಂತಲ್ಲ, ಗಾಳಿ ಆಗಲೇ ಆ ಕಡೆ ಬೀಸುತ್ತಿತ್ತು. 1969ರಲ್ಲಿ ಪ್ರಧಾನಿಯಾದ ಓಲೋಫ್ ಪಾಲ್ಮೆ ಅವರನ್ನು ಪತ್ರಕರ್ತರೇ ‘ದು’ ಎಂದು ಮಾತಾಡಿಸಿದರು. ರಾಜಮನೆತನ ಒಂದನ್ನು ಬಿಟ್ಟು ಉಳಿದವರೆಲ್ಲ ಕೆಲವೇ ವರ್ಷಗಳಲ್ಲಿ ಒಂದೇ ಸಾಲಿಗೆ ಬಂದರು.

ನನಗೆ ಹಿಡಿಸಿದ್ದು ಏನೆಂದರೆ ಮೇಲೆ ಕೂತವರು ಮೊದಲು ಬಾಯಿ ಬಿಟ್ಟರು. ಗುಮಾಸ್ತ ತಾನಾಗಿ ಸಾಹೇಬರಿಗೆ ‘ನೀನು’ ಅಂದಿದ್ದರೆ ಕೆಲಸ ಉಳಿಯುತ್ತಿತ್ತಾ? ಜರ್ಮನಿಯಲ್ಲಿ ಈಗಲೂ ಪದ್ಧತಿ ಹೀಗೇ ಇದೆ. ‘ಜೀ’ (ನೀವು) ಬಿಟ್ಟು ‘ದು’ (ನೀನು) ಅನ್ನೋಣ ಎಂದು ಹೇಳುವ ಹಕ್ಕು ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ದೊಡ್ಡವರದು, ಚಿಕ್ಕವರು ಕಾಯಬೇಕು.

ಹುಕುಂ ಹೊರಡಿಸಿದ ಕಡೆ ಇದು ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಕ್ರಾಂತಿಯ ಬಿಸಿಯಲ್ಲಿ, 1793ರಲ್ಲಿ, ಎಲ್ಲರೂ ಎಲ್ಲರಿಗೂ ‘ತು’, ಅಂದರೆ ನೀನು, ಅನ್ನಬೇಕು ಎಂದು ಒತ್ತಾಯ ಮಾಡಿದರು. ಕೆಲವೇ ವರ್ಷಕ್ಕೆ ನೀವು ಅನ್ನುವ ‘ವು’ ವಾಪಸ್ ಬಂತು, ಇವತ್ತಿಗೂ ಇದೆ. 2018ರಲ್ಲಿ ಅಧ್ಯಕ್ಷ ಮಾಕ್ರೋನ್ ಅವರನ್ನು ಒಬ್ಬ ಹುಡುಗ ಮುದ್ದಿನ ಹೆಸರಿನಿಂದ ಕರೆದು ಬೈಸಿಕೊಂಡಿದ್ದು ದೊಡ್ಡ ಸುದ್ದಿಯೇ ಆಗಿತ್ತು. ಇಟಲಿಯಲ್ಲಿ ಮುಸೊಲಿನಿ ಸರ್ಕಾರ 1938ರಲ್ಲಿ ಗೌರವಕ್ಕೆ ‘ಲೇಯಿ’ ಅನ್ನಬೇಡಿ, ಇನ್ನೊಂದು ಗೌರವದ ಪದ ‘ವೋಯಿ’ ಅನ್ನಿ ಎಂದಿತು. ‘ಲೇಯಿ’ ಹೆಸರಿನ ಒಂದು ಮಹಿಳಾ ಪತ್ರಿಕೆ ಹೆಸರನ್ನೇ ಬದಲಾಯಿಸಬೇಕಾಯಿತು. ಯುದ್ಧ ಮುಗಿದ ಮೇಲೆ ಜನ ‘ಲೇಯಿ’ಗೇ ಮರಳಿದರು.

ಇಂಗ್ಲಿಷಿನ ಕತೆಯನ್ನು ನಾವು ಜಾಸ್ತಿ ತಪ್ಪು ತಿಳಿದಿದ್ದೇವೆ. ಅಲ್ಲಿ ಬಹುವಚನ ಇಲ್ಲ, ಎಲ್ಲರಿಗೂ ಒಂದೇ ‘ಯೂ’, ಹಾಗಾಗಿ ಗೌರವ ಗೊತ್ತಿಲ್ಲ ಅನ್ನುತ್ತೇವೆ. ನಿಜವಾಗಿ ‘ಯೂ’ ಅನ್ನುವುದೇ ಅವರ ಬಹುವಚನ. ಏಕವಚನದ ‘ದೌ’ 17ನೇ ಶತಮಾನದಲ್ಲಿ ಸಾಮಾನ್ಯ ಮಾತಿನಿಂದ ಜಾರುತ್ತಾ ಹೋಯಿತು. ಎಲ್ಲ ಮನುಷ್ಯರೂ ಸಮಾನರು ಎಂದು ನಂಬಿದ ಕ್ವೇಕರ್ ಪಂಥದವರು ನ್ಯಾಯಾಧೀಶರಿಗೂ ‘ದೌ’ ಅಂದು ಬೈಗುಳ ಏಟು ತಿಂದರು, ಆದರೆ ಉಳಿದವರು ಬೇರೆ ದಾರಿ ಹಿಡಿದರು. ಸ್ವೀಡನ್‌ನವರು ಎಲ್ಲರನ್ನೂ ‘ನೀನು’ ಮಾಡಿದರು, ಇಂಗ್ಲಿಷಿನವರು ಮನೆ ಆಳಿಗೂ ‘ನೀವು’ ಕೊಟ್ಟರು.

ನಮಗೆ ಈ ಎರಡನೇ ದಾರಿಯೇ ಸರಿ ಎಂದು ನನಗೆ ಬಲವಾಗಿ ಅನಿಸುತ್ತದೆ. ಅಮ್ಮನಿಗೆ, ದೇವರಿಗೆ, ಗೆಳೆಯರಿಗೆ ‘ನೀನು’ ಅನ್ನುವುದು ಪ್ರೀತಿ, ಅದು ಹಾಗೇ ಇರಲಿ. ಗುರುತಿಲ್ಲದವರ ವಿಷಯ ಬೇರೆ. ಪ್ಯಾಂಟು ಶರಟು ಹಾಕಿದ ಇಪ್ಪತ್ತರ ಹುಡುಗನಿಗೆ ‘ಹೇಳಿ ಸರ್’ ಅನ್ನುವ ಕೌಂಟರಿನವರೇ, ಅವನ ಹಿಂದೆ ನಿಂತ ಎಪ್ಪತ್ತರ ಅಜ್ಜಿಗೆ ‘ಏನಮ್ಮಾ ನಿಂದು’ ಅನ್ನುತ್ತಾರೆ. ಕಸ ಗುಡಿಸುವವರು, ಆಟೋದವರು, ಹೋಟೆಲಿನಲ್ಲಿ ಟೇಬಲ್ ಒರೆಸುವವರು ನಮಗೆ ‘ನೀವು’ ಅನ್ನಲೇಬೇಕು, ನಾವು ಅನ್ನುವುದಿಲ್ಲ. ಕಷ್ಟವೇನೂ ಇಲ್ಲ ಕಣ್ರೀ, ಧಾರವಾಡದ ಕಡೆ ಬರ್ರಿ, ಕೂಡ್ರಿ, ತಗೋರಿ ಅಂತ ಎಷ್ಟು ಸಲೀಸಾಗಿ ಎಲ್ಲರಿಗೂ ‘ರೀ’ ಹಚ್ಚುತ್ತಾರೆ!

ಇದರಲ್ಲಿ ಪತ್ರಿಕೆಗಳ ಪಾಲೂ ಇದೆ. ಅಪಘಾತದ ಸುದ್ದಿಯಲ್ಲಿ ಉದ್ಯಮಿ ‘ಮೃತಪಟ್ಟಿದ್ದಾರೆ’, ಕೂಲಿ ಕಾರ್ಮಿಕ ‘ಮೃತಪಟ್ಟಿದ್ದಾನೆ’ ಎಂದು ಎಷ್ಟೋ ಸಲ ಅಚ್ಚಾಗುತ್ತದೆ. ಲಕ್ಷಾಂತರ ಜನ ಓದುವ ಭಾಷೆಯನ್ನು ತಿದ್ದುವ ಜಾಗದಲ್ಲಿ ನೀವಿದ್ದೀರಿ. ನಾಳೆಯ ಸಂಚಿಕೆಯಿಂದಲೇ ಆ ಕಾರ್ಮಿಕರಿಗೂ ‘ಮೃತಪಟ್ಟಿದ್ದಾರೆ’ ಎಂದೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ, ಮೈಸೂರು