ತಗಡಿನ ಡಬ್ಬಿಯಲ್ಲಿದ್ದ ಹಸ್ತಪ್ರತಿ

ಪ್ರಿಯ ಗೆಳೆಯ,

ಬರೆಯುವುದನ್ನೇ ಬಿಟ್ಟುಬಿಟ್ಟೆ ಎಂಬ ನಿನ್ನ ಕಾಗದ ಕೈಸೇರಿದಾಗ ನಾನು ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್‌ನ ಜೀವನಚರಿತ್ರೆಯಲ್ಲಿ ಮುಳುಗಿದ್ದೆ. ಅವನ ವಿಷಯವನ್ನು ನಿನಗೆ ಹೇಳಲೇಬೇಕು.

1819ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ; ಮನೆಗೆ ಉಳಿದದ್ದು ಸಾಲ. 1841ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಮರುವರ್ಷ ಪೆಸಿಫಿಕ್ ಸಾಗರದ ಮಾರ್ಕೆಸಾಸ್ ದ್ವೀಪವೊಂದರಲ್ಲಿ ಹಡಗು ತೊರೆದು ಓಡಿಹೋದ. ಆ ಅನುಭವದಿಂದ ಬರೆದ 'ಟೈಪಿ' ಅವನಿಗೆ ಹೆಸರು ತಂದಿತು. ಅಲ್ಲಿಂದ ಐದೇ ವರ್ಷಕ್ಕೆ, 1851ರಲ್ಲಿ, ತಿಮಿಂಗಿಲ ಬೇಟೆಯ ಕಾದಂಬರಿ 'ಮೊಬಿ ಡಿಕ್'.

ನನ್ನ ಹೊಟ್ಟೆ ಉರಿಸಿದ ಸಂಗತಿ ಇದು: ಲಂಡನ್ನಿನಲ್ಲಿ ಅದು ಮೊದಲು ಅಚ್ಚಾದಾಗ ಕೊನೆಯ ಪುಟವೇ ಬಿಟ್ಟುಹೋಗಿತ್ತು. ಕಥೆ ಹೇಳುವ ನಾವಿಕ ಇಷ್ಮಾಯಿಲ್ ಶವಪೆಟ್ಟಿಗೆಯನ್ನು ಹಿಡಿದು ತೇಲುತ್ತಾ ಬದುಕುಳಿಯುವುದು ಆ ಪುಟದಲ್ಲೇ. ಎಲ್ಲರೂ ಮುಳುಗಿದ ಮೇಲೆ ಈ ಕಥೆ ಹೇಳಿದವರು ಯಾರು ಎಂದು ವಿಮರ್ಶಕರು ಹಂಗಿಸಿದರು. ಅವನು ಬರೆದಿದ್ದ ಉತ್ತರ ಅವರ ಕೈಗೇ ಬಂದಿರಲಿಲ್ಲ! ಅವನ ಜೀವಮಾನದಲ್ಲಿ ಅಮೆರಿಕದಲ್ಲಿ ಮಾರಾಟವಾದದ್ದು 3,000 ಚಿಲ್ಲರೆ ಪ್ರತಿಗಳು.

1866ರಿಂದ ಹತ್ತೊಂಬತ್ತು ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್‌ಸ್ಪೆಕ್ಟರ್ ಆಗಿ ದುಡಿದ. ದಿನಕ್ಕೆ ನಾಲ್ಕು ಡಾಲರ್ ಸಂಬಳ. ಕೆಲಸಕ್ಕೆ ಸೇರಿದ ಮರುವರ್ಷವೇ ಹಿರಿಯ ಮಗ ಮನೆಯಲ್ಲಿ ಗುಂಡೇಟಿನಿಂದ ಸತ್ತ. ಆದರೂ ಬರೆಯುವುದು ನಿಲ್ಲಲಿಲ್ಲ, ಕಾದಂಬರಿಯ ಬದಲು ಕವಿತೆ ಬರೆದ. ನಿವೃತ್ತನಾದ ಮೇಲೆ ಒಂದು ಲಾವಣಿಗೆ ನಾಲ್ಕು ಸಾಲು ಮುನ್ನುಡಿ ಬರೆಯಲು ಕುಳಿತ. ಅದು ಬೆಳೆಯುತ್ತಾ 'ಬಿಲ್ಲಿ ಬಡ್' ಎಂಬ ಕಿರುಕಾದಂಬರಿ ಆಯಿತು. ಪೆನ್ಸಿಲ್ಲಿನಲ್ಲಿ ತಿದ್ದಿ, ಕಾಗದದ ಚೂರುಗಳನ್ನು ಸೇರಿಸಿ, ಮತ್ತೆ ತಿದ್ದಿ. ಯಾವ ಪ್ರಕಾಶಕನೂ ಕೇಳಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. 1891ರಲ್ಲಿ ತೀರಿಕೊಂಡಾಗ ಆ ಹಾಳೆಗಳು ಇನ್ನೂ ತಿದ್ದುಪಡಿಯಲ್ಲೇ ಇದ್ದವು.

ಹೆಂಡತಿ ಎಲಿಜಬೆತ್ ಅವುಗಳನ್ನು ಜೋಪಾನ ಮಾಡಿದಳು. 1919ರಲ್ಲಿ ಜೀವನಚರಿತ್ರೆ ಬರೆಯಲು ಹೊರಟ ರೇಮಂಡ್ ವೀವರ್‌ಗೆ ಮೆಲ್ವಿಲ್‌ನ ಮೊಮ್ಮಗಳು ತಗಡಿನ ಡಬ್ಬಿಯಲ್ಲಿದ್ದ ಕಾಗದಗಳನ್ನು ಕೊಟ್ಟಳು. 'ಬಿಲ್ಲಿ ಬಡ್' ಪುಸ್ತಕವಾದದ್ದು 1924ರಲ್ಲಿ. ಆ ಹೊತ್ತಿಗೆ ಹೊಸ ತಲೆಮಾರು ಅವನನ್ನು ಮತ್ತೆ ಓದತೊಡಗಿತ್ತು. 'ಮೊಬಿ ಡಿಕ್' ತಾನು ಬರೆದದ್ದಾಗಿರಬೇಕಿತ್ತು ಎಂದು ಅಮೆರಿಕದ ಕಾದಂಬರಿಕಾರ ಫಾಕ್ನರ್‌ನಂಥವನೇ ಹೇಳಿದ.

ಆ ಡಬ್ಬಿಯ ಬಗ್ಗೆ ಓದಿದ ರಾತ್ರಿ ನಿನ್ನ ನೀಲಿ ರಟ್ಟಿನ ನೋಟ್‌ಬುಕ್ ನೆನಪಾಯಿತು. ಅದನ್ನು ರದ್ದಿಗೆ ಹಾಕಬೇಡ. ಹನ್ನೊಂದನೆಯ ಅಧ್ಯಾಯದ ಕೊನೆಯಲ್ಲಿ ನಿನ್ನ ಅಂಬಿಗ ತುಂಬಿದ ಹೊಳೆಯ ನಡುವೆ ಹುಟ್ಟು ಕಳೆದುಕೊಂಡು ಕುಳಿತಿದ್ದಾನೆ. ಅವನು ದಡ ಸೇರಿದನೋ ಇಲ್ಲವೋ ನನಗೆ ಗೊತ್ತಾಗಬೇಕು.

ನಿನ್ನ ಗೆಳೆಯ