ಬಿಎ ಸೇರುವ ಮಕ್ಕಳ ವಿಷಯ

ಎಲ್ಲರಿಗೂ ನಮಸ್ಕಾರ. 'ಬಿಎ ಮಾಡಿ ಎಂತ ಮಾಡುವುದು ಮಾರಾಯ್ರೆ?' ಎಂದು ನಿನ್ನೆ ಇಲ್ಲಿ ಯಾರೋ ಕೇಳಿದ್ದರು. ಪಿಯುಸಿ ರಿಸಲ್ಟ್ ಬಂದಾಗಲೆಲ್ಲ ಇದು ಇದ್ದದ್ದೇ.

ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಮಂಗಳೂರಿನಿಂದ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ಭಾಷೆಯ ಕೆಲಸಕ್ಕೆ ಹೆಸರಾದ ಊರು ನಮ್ಮದು, ಅಲ್ವಾ? ಪಾಡ್ದನ, ಅಂದರೆ ತುಳುವಿನ ಕಥೆ ಹೇಳುವ ಜನಪದ ಹಾಡು, ಹಾಡುವ ಅಜ್ಜಿಯಂದಿರು ಈಗ ಕಡಿಮೆ. ಅವರ ಎದುರು ಕೂತು ಕೇಳಿ, ಅರ್ಥ ಬಿಡಿಸಿ ಬರೆದಿಡಲು ಜಾನಪದ ಕಲಿತ ಮಕ್ಕಳೇ ಬೇಕು.

ಉದ್ಯೋಗದ ಚಿಂತೆಯೇ? ಬಿಎ ಮುಗಿಸಿ 3 ವರ್ಷದ ಎಲ್‌ಎಲ್‌ಬಿ ಮಾಡಬಹುದು, ಕೆಎಎಸ್ ಬರೆಯಬಹುದು.

ಭಾನುವಾರ ಬೆಳಿಗ್ಗೆ 8ಕ್ಕೆ ಬಾರ್ಕೂರಿನ ಕತ್ತಲೆ ಬಸದಿಗೆ ಹೋಗೋಣ. ಹಿಂದೆ ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ ಊರು ಬಾರ್ಕೂರು. ಮಕ್ಕಳನ್ನು ಕರೆತನ್ನಿ. ಬಿಸಿಲು ಜಾಸ್ತಿ, ಕೊಡೆ ಇರಲಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.